ಲಾಡಸಾಬರ ಟಾಂಗಾ ಕುದುರೆಗೆ, ದಣಿವಿನ ವಿಷಯವಾಗಿ

ಬೆಟಗೇರಿ, ೧೨ ಡಿಸೆಂಬರ್ ೧೯೫೬

ಗದಗ-ಬೆಟಗೇರಿ ರಸ್ತೆಯ ಭೂಷಣರೂ, ನಾಲ್ಕು ಕಾಲಿದ್ದೂ ಯಾವ ಅವಸರವೂ ಇಲ್ಲದವರೂ ಆದ ಮಾನ್ಯ ಕುದುರೆಯವರೇ,

ಹೆಣ್ಣುಮಕ್ಕಳ ಶಾಲೆಯ ಮೂರನೆಯ ಇಯತ್ತೆಯ ಶಿಕ್ಷಕಿ ಹನಮವ್ವಳ ಸವಿನಯ ನಮಸ್ಕಾರಗಳು. ತಮ್ಮ ಬಾಲ, ಕಿವಿ, ಹಸಿವುಗಳೆಲ್ಲ ಕ್ಷೇಮವೆಂದು ನಂಬಿ, ಒಂದು ದೂರನ್ನು ತಮ್ಮ ಗೊರಸಿನ ಬಳಿ ಇಡುತ್ತಿದ್ದೇನೆ: ತಾವು ದಣಿದರೆ ಊರೆಲ್ಲ ನಂಬುತ್ತದೆ, ನಾನು ದಣಿದರೆ ಯಾರೂ ನಂಬುವುದಿಲ್ಲ.

ಎರಡು ವರ್ಷದಿಂದ, ಎಂಟು ತಾಸು ಮಲಗಿ ಎದ್ದರೂ ನಾನು ಹೊಲ ಉತ್ತು ಬಂದವಳಂತಿರುತ್ತೇನೆ. ಬಿಸಿಲೇರಿದರೆ ಕಾಲುಗಳು ನೆನೆದ ಅರಳೆಯಂತೆ ಭಾರವಾಗುತ್ತವೆ, ಬೆರಳುಗಳಲ್ಲಿ ಇರುವೆ ಹರಿದಂತಾಗುತ್ತದೆ, ಹಲಗೆಯ ಮೇಲೆ ನಾನೇ ಬರೆದ ಅಕ್ಷರಗಳು ಎರಡೆರಡಾಗಿ ಕಾಣುತ್ತವೆ. ಆದರೆ ಮೈಮೇಲೆ ಗಾಯವಿಲ್ಲ, ಜ್ವರವಿಲ್ಲ, ತಮ್ಮಂತೆ ಬಾಯಲ್ಲಿ ನೊರೆಯೂ ಇಲ್ಲವಾದ್ದರಿಂದ ಮುಖ್ಯಾಧ್ಯಾಪಕ ಬೀರಲಿಂಗಪ್ಪನವರು ಅದಕ್ಕೆ ಆಲಸ್ಯವೆಂದು ನಾಮಕರಣ ಮಾಡಿದರು.

ನವೆಂಬರ್ ಒಂದರ ಮೆರವಣಿಗೆ ತಮಗೆ ನೆನಪಿರಬೇಕು. ಮುಂಬಯಿ, ಮದ್ರಾಸು, ಹೈದರಾಬಾದುಗಳಲ್ಲಿ ಹಂಚಿಹೋಗಿದ್ದ ನಾಡೆಲ್ಲ ಒಂದಾದ ಆ ಮಧ್ಯಾಹ್ನ, ನನ್ನ ಕಾಲುಗಳು ಮಾತ್ರ ನನ್ನಿಂದ ಪ್ರತ್ಯೇಕವಾದವು. ಮಕ್ಕಳ ಸಾಲಿನ ಮುಂದೆ ಬಾವುಟ ಹಿಡಿದವಳು ನಡುರಸ್ತೆಯಲ್ಲೇ ಕುಳಿತುಬಿಟ್ಟೆ. "ಏನ್ರಿ ಅಕ್ಕಾರ, ನಾಡು ಒಂದಾದ ದಿನಾನೂ ಆಳಸತನಾನ?" ಎಂದರು ಬೀರಲಿಂಗಪ್ಪನವರು. ಅದೇ ಗಳಿಗೆಯಲ್ಲಿ ತಾವೂ ಬಾಯಲ್ಲಿ ನೊರೆ ತಂದುಕೊಂಡು ಎದುರಿಗೆ ಬಂದು ನಿಂತಿರಿ. ಅದೇ ಮಹನೀಯರು ಓಡಿಬಂದು, "ಪಾಪ, ಎಷ್ಟ ದಣದೈತಿ ನೋಡ್ರಿ!" ಎನ್ನುತ್ತ, ಮಕ್ಕಳಿಗೆಂದು ತಂದ ಬೆಲ್ಲವನ್ನು ತಮಗೆ ತಿನ್ನಿಸಿದರು.

ಆಗ ತಮ್ಮ ಯಜಮಾನ ಲಾಡಸಾಬರೇ ಬಾಯಿ ಬಿಟ್ಟರು. "ಖರೆ ಹೇಳತೇನ್ರಿ ಸರ, ಇದು ಮುಂಜಾನಿಂದ ನೆಳ್ಳಾಗ ನಿಂತು ಹುಲ್ಲ ತಿಂದೈತಿ. ಇದು ನಾಟಕ ಮಾಡಾಕತ್ತೈತಿ, ಅಕ್ಕಾರು ಮಾಡಾಕತ್ತಿಲ್ಲ."

ಅವರೇ ನನ್ನನ್ನು ಟಾಂಗಾದಲ್ಲಿ ಕೂರಿಸಿ ಮನೆ ಮುಟ್ಟಿಸಿದರು. ಮರುವಾರ ಹೆಂಡತಿ ಖಾತುನಬಿಯನ್ನು ಜೊತೆಮಾಡಿ ಹುಬ್ಬಳ್ಳಿಯ ದೊಡ್ಡ ಡಾಕ್ಟರರ ಬಳಿ ಕಳಿಸಿದರು. ಡಾಕ್ಟರರು ಕಣ್ಣಿಗೆ ದೀಪ ಹಿಡಿದು, ಮಂಡಿಗೆ ಪುಟ್ಟ ಸುತ್ತಿಗೆ ತಟ್ಟಿ, ಮಲ್ಟಿಪಲ್ ಸ್ಕ್ಲಿರೋಸಿಸ್ ಎಂದರು. ನರಗಳ ಮೇಲಿನ ಹೊದಿಕೆ ಅಲ್ಲಲ್ಲಿ ಸವೆದು, ಮಿದುಳಿನ ಅಪ್ಪಣೆ ಕಾಲಿಗೆ ಸರಿಯಾಗಿ ಮುಟ್ಟುವುದಿಲ್ಲವಂತೆ. ಅದನ್ನು ವಾಸಿಮಾಡುವ ಔಷಧ ಇನ್ನೂ ಇಲ್ಲವಂತೆ. "ನಿಮ್ಮ ದಣಿವು ಖರೇದೈತಿ ತಾಯಿ" ಎಂದರು. ರೋಗಕ್ಕಾಗಿ ಅಳಬೇಕಾದವಳು, ನಂಬಿದರಲ್ಲ ಎಂದು ಅತ್ತೆ.

ಡಾಕ್ಟರರ ಚೀಟಿಯನ್ನು ಬೀರಲಿಂಗಪ್ಪನವರು ಮೂರು ಸಲ ಓದಿ, ನನಗೊಂದು ಕುರ್ಚಿ ಕೊಟ್ಟಿದ್ದಾರೆ. ನನ್ನ ಪಾಠಗಳೆಲ್ಲ ಬಿಸಿಲೇರುವ ಮೊದಲೇ ಮುಗಿಯುತ್ತವೆ. ಆದರೂ ಕುರ್ಚಿ ಕಂಡವರು ಹುಬ್ಬೇರಿಸುವುದು ನಿಂತಿಲ್ಲ. ಆದಕಾರಣ, ತಾವು ದಯಮಾಡಿ ನನ್ನ ರಜೆಯ ಅರ್ಜಿಗಳ ಮೇಲೆ ಗೊರಸಿನ ಮುದ್ರೆ ಒತ್ತಬೇಕಾಗಿಯೂ, ಬೇಕಾದಾಗ ನೊರೆ ತರಿಸುವ ವಿದ್ಯೆಯನ್ನು ನನಗೆ ಕಲಿಸಬೇಕಾಗಿಯೂ, ವಾರಕ್ಕೊಮ್ಮೆ ಮೂರನೆಯ ಇಯತ್ತೆಗೆ ಮಗ್ಗಿ ಹೇಳಿಕೊಡಬೇಕಾಗಿಯೂ ಪ್ರಾರ್ಥನೆ.

ತಮ್ಮ ವಿಶ್ವಾಸಿ,
ಕುಳಿತೇ ಬರೆದ ಹನಮವ್ವ

ತಾ.ಕ.: ತಮಗೆ ಓದು ಬಾರದ ಕಾರಣ, ಈ ಪತ್ರವನ್ನು ಟಾಂಗಾ ನಿಲ್ದಾಣದಲ್ಲಿ ಗಟ್ಟಿಯಾಗಿ ಓದಿ ಹೇಳಲು ಬೀರಲಿಂಗಪ್ಪನವರು ಒಪ್ಪಿದ್ದಾರೆ. ಬಿಸಿಲಲ್ಲಿ ನಿಂತು ಓದುವಾಗ ಅವರ ಕಾಲು ನಡುಗಿದರೆ, ದಯವಿಟ್ಟು ಆಲಸ್ಯವೆನ್ನಬೇಡಿ. ತಮ್ಮ ಹುಲ್ಲಿನ ಮೇಲೆ ಸ್ವಲ್ಪ ಜಾಗ ಕೊಡಿ.