ಸರಹದ್ದು ದಾಟಿದ ಕುರ್ಚಿ

ಖಾಕಿ ಹಾಕಿದವಗ ಸಿಟ್ಟು ಬರೋ ಪ್ರಸಂಗಕ್ಕೇನೂ ಬರ ಇಲ್ಲ. ನಗು ಬರೋದು ಆಮ್ಯಾಲೆ, ಮನಿಗೆ ಬಂದು ಬೂಟು ಬಿಚ್ಚಿದಾಗ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಲ್ಲಾ ತಿರುಗಿದ ಎಎಸ್ಐ ನಾನು. ಹೋದಲ್ಲೆಲ್ಲಾ ನನ್ನದೊಂದೇ ರಾಗ: "ಜನ ಹೆದರದಂಗ ಠಾಣೆಗೆ ಬರಬೇಕ್ರಿ." ಅದಕ್ಕ ನನಗ 'ಸುಧಾರಣೆಪ್ಪ' ಅಂತ ಹೆಸರಿಟ್ಟಾರ. ಇಟ್ಕೊಳ್ಳಿ ಬಿಡ್ರಿ.

ಗೇಟಿನ ಹೊರಗಿನ ಚಪ್ಪಲಿ

ಈಗಿರೋ ಠಾಣೆಗೆ ಒಂದಿನ ಕುರಿ ಕಾಯೋ ಅಜ್ಜಿಯೊಬ್ಬಾಕಿ ಬಂದ್ಲು. ಗೇಟಿನ ಹೊರಗ ಚಪ್ಪಲಿ ಬಿಟ್ಟು, ಬಿಸಿಲಾಗ ಕಾಲು ಸುಟ್ಕೊಂತ ನಿಂತಿದ್ಲು.

"ಇದೇನು ಗುಡಿ ಏನಬೇ? ಚಪ್ಪಲಿ ಮೆಟ್ಕೊಂಡು ಬಾ" ಅಂದೆ.

"ಬ್ಯಾಡ್ರಿ ಸಾಹೇಬ್ರ. ಗುಡಿಯಾಗ ದೇವ್ರು ಸಿಟ್ಟಾದ್ರ ಕಾಯಿ ಒಡಿತೀವಿ. ನೀವು ಸಿಟ್ಟಾದ್ರ ನಮ್ಮ ತೆಲೀನ ಒಡಿತೀರಿ."

ಹಳ್ಳದ ಆ ಕಡಿ

ಆಕಿ ಹಿಂಡಿಗೆ ಇದ್ದದ್ದೊಂದೇ ಬೀಜದ ಟಗರು. ಯಾರೋ ಹಟ್ಟಿಯಿಂದಲೇ ಕದ್ದೊಯ್ದಿದ್ರು. ಟಗರಿಲ್ಲಂದ್ರ ಮುಂದಿನ ವರ್ಷ ಮರಿ ಇಲ್ಲ, ಮರಿ ಇಲ್ಲಂದ್ರ ಅಜ್ಜಿಗೆ ಗಂಜಿ ಇಲ್ಲ.

ನಮ್ಮ ಇನ್‌ಸ್ಪೆಕ್ಟರ್ ತೆಲಿ ಎತ್ತಲಿಲ್ಲ. "ಹಟ್ಟಿ ಹಳ್ಳದ ಆ ಕಡೆ ಐತಿ, ನಮ್ಮ ಸರಹದ್ದಲ್ಲ" ಅಂದ್ರು. ಅಜ್ಜಿ ಹಳ್ಳದ ಆ ಕಡಿ ಠಾಣೆಗೆ ಹೋದ್ರ ಅವರೂ "ನಮ್ಮದಲ್ಲ" ಅಂತ ವಾಪಸ್ ಕಳಿಸಿದ್ರು.

ನನಗ ಮೈಯೆಲ್ಲಾ ಉರೀತು. "ಸರ್, ಎಲ್ಲೇ ಕಳುವಾದ್ರೂ ಯಾವ ಠಾಣೆಯಾಗಾದ್ರೂ ದೂರು ಬರ್ಕೋಬೇಕಂತ ಕಾನೂನೈತ್ರಿ!"

"ಕಾನೂನು ನನಗ ಕಲಿಸಬ್ಯಾಡ."

ಅಜ್ಜಿ ಮೆಲ್ಲಕ ಕೇಳಿದ್ಲು: "ಹಂಗಾರ ಕಳ್ಳಗಷ್ಟೇ ಹಳ್ಳದ ಎರಡೂ ಕಡಿ ನಡೀತೈತೇನ್ರಿ?"

ನಗೋ ಫೋಟೋ

ಅದೇ ವಾರ ಜಿಲ್ಲೆಯ ದೊಡ್ಡ ಸಾಹೇಬರು ನಮ್ಮ ಠಾಣೆಯ ಜನಸ್ನೇಹಿ ಸಭೆಗೆ ಬರೋರಿದ್ರು. ಜನಾನೇ ಇಲ್ಲ. ಪೇದೆಗಳು ಲಾಠಿ ಹಿಡ್ಕೊಂಡು ಸಂತಿಗೆ ಹೋದ್ರು: "ಪೊಲೀಸರಿಗೆ ಹೆದರಬಾರದಂತ ಭಾಷಣ ಐತಿ, ನಡೀರಿ. ಬರದಿದ್ರ ನೋಡ್ರಿ ಮತ್ತ!" ಥೂ, ನನ್ನ ಜನ್ಮಕ್ಕಿಷ್ಟು!

ದೂರು ಕೊಡೋರಿಗಂತ ಹೊಸ ಕೆಂಪು ಪ್ಲಾಸ್ಟಿಕ್ ಕುರ್ಚಿ ತಂದಿದ್ರು. ಗೇಟಿನಾಗ ನಿಂತಿದ್ದ ಅಜ್ಜೀನ ಕರೆದು ಅದರಾಗ ಕುಂದ್ರಿಸಿ, ಸಾಹೇಬರು ಪಕ್ಕದಾಗ ನಿಂತ್ರು.

"ಸಾಹೇಬ್ರ, ನನ್ನ ಟಗರು..."

"ಮಾತಾಡಬ್ಯಾಡಬೇ, ಫೋಟೋ ಕೆಡ್ತೈತಿ. ನಗು!" ಅಂದ ಫೋಟೋದವ.

ಗೂಟಕ್ಕ ಕಟ್ಟಿದ ಕುರ್ಚಿ

ಸಾಹೇಬರು ಹೋದ್ರು. ನಾವು ಚಾ ಕುಡಿದು ಬರೋದ್ರಾಗ ಕುರ್ಚಿ ಇಲ್ಲ! ಗೇಟಿನ ಪೇದೆ ಹೇಳಿದ: "ಅಜ್ಜಿ ತೆಲಿ ಮ್ಯಾಲೆ ಹೊತ್ಕೊಂಡು ಹೋದ್ಲು ಸರ್. ಸಾಹೇಬರು ಕೊಟ್ಟಾರಂತ ತಿಳ್ಕೊಂಡೆ."

"ಸರ್ಕಾರಿ ಕುರ್ಚಿ! ಜೀಪ್ ತೆಗೀರಿ!" ಇನ್‌ಸ್ಪೆಕ್ಟರ್ ಕೆಂಡ ಆಗಿದ್ರು. ಟಗರಿಗೆ ದಾಟದ ಜೀಪು ಕುರ್ಚಿಗೆ ಹಳ್ಳ ದಾಟ್ತು. ನಾನು ಹಿಂದ ಹಲ್ಲು ಕಡ್ಕೊಂತ ಕುಂತಿದ್ದೆ.

ಅಜ್ಜಿ ಹಟ್ಟಿ ಮುಂದ ಟಗರಿನ ಗೂಟಕ್ಕ, ಟಗರಿನ ಹಗ್ಗದಾಗ, ಕುರ್ಚಿ ಕಟ್ಟಿದ್ಲು.

"ನಮ್ಮ ಕುರಿ ಹೊಲ ಮೇದ್ರ ಹೊಲದವ್ರು ಒಂದು ಕುರಿ ಹಿಡಿದು ಕಟ್ಕೊಂತಾರ್ರಿ, ನ್ಯಾಯ ಮುಗಿಯೋತನ ಬಿಡಂಗಿಲ್ಲ. ನಾನೂ ಹಂಗ ಕಟ್ಟೀನಿ."

"ಕಳ್ಳತನದ ಕೇಸ್ ಹಾಕ್ತೀನಿ!" ಇನ್‌ಸ್ಪೆಕ್ಟರ್ ಗುಡುಗಿದ್ರು.

"ಹಾಕ್ರಿ. ಅಂದಂಗ, ನಮ್ಮ ಹಟ್ಟಿ ನಿಮ್ಮ ಸರಹದ್ದಿಗೆ ಯಾವಾಗ ಬಂತ್ರಿ?"

ಇನ್‌ಸ್ಪೆಕ್ಟರ್ ನನ್ನ ಮುಖ ನೋಡಿದ್ರು. ನಾನು ಜೀಪಿನಿಂದ ಕಾಗದ ತಂದು, ಅಜ್ಜೀನ ಕುರ್ಚಿಯಾಗ ಕುಂದ್ರಿಸಿ, ನೆಲದ ಮ್ಯಾಲೆ ಕುಂತು ಟಗರಿನ ದೂರು ಬರ್ಕೊಂಡೆ. ಹೆಬ್ಬೆಟ್ಟು ಒತ್ತಿಸಿ, ಕುರ್ಚಿ ಬಿಚ್ಚಾಕ ಹಗ್ಗಕ್ಕ ಕೈ ಹಾಕಿದೆ ನೋಡ್ರಿ, ಆಕಿ ನನ್ನ ಕೈಗೇ ಒಂದು ಹೊಡೆದ್ಲು.

"ಕಾಗದ ಮೇಯಿಸ್ಲೇನು ಕುರಿಗೆ? ಟಗರು ತರ್ರಿ!"

ಮುಂದಿನ ವಾರ ಮತ್ತ ದೊಡ್ಡ ಸಾಹೇಬರು ಬರ್ತಾರ, ಕುರ್ಚಿ ಎಲ್ಲಿ ಅಂತ ಕೇಳೇ ಕೇಳ್ತಾರ. ಅದು ಇನ್ನೂ ಅಜ್ಜಿ ಗೂಟಕ್ಕ ಕಟ್ಟೇ ಐತಿ. ನಮ್ಮ ಠಾಣೆಗೆ ಠಾಣೆಯೇ ಈಗ ಸಂತಿ ಸಂತಿ ತಿರುಗಿ ಟಗರು ಹುಡುಕ್ತೈತಿ.