ಹಡಗಿನ ಮೊಸರುಬಜ್ಜಿ ಮತ್ತು ಹೊಟ್ಟೆಯ ಸಾಕ್ಷಿ

"ಹೊಟ್ಟೆ ಏನನ್ನೂ ಮರೆಯೋದಿಲ್ಲ ಮೌಳಿ! ಮರೆಯೋದೆಲ್ಲ ಈ ತಲೆ!" ಎನ್ನುತ್ತ ಆರಾಧ್ಯರು ನನ್ನ ಅಂಗಿ ಮೇಲೆತ್ತಿ, ಹೊಟ್ಟೆಗೆ ಅಗಲವಾದ ಕೆಂಪು ಪಟ್ಟಿಯೊಂದನ್ನು ಬಿಗಿದರು. ಪಟ್ಟಿಯ ಒಳಗೆ ತಣ್ಣನೆಯ ತಾಮ್ರದ ಬಿಲ್ಲೆಗಳಿದ್ದವು. ಕಚಗುಳಿಯಾಗಿ ನಾನು ನಕ್ಕುಬಿಟ್ಟೆ.

"ನಗಬೇಡಿ! ಅಳತೆ ತಪ್ಪುತ್ತೆ!"

ನಂಜುಂಡಾರಾಧ್ಯರು ನನ್ನ ಷಡ್ಡಕ. ನನ್ನ ಹೆಂಡತಿ ಮಂಗಳಳ ಅಕ್ಕ ರಾಜೇಶ್ವರಿಯ ಗಂಡ. ಮೈಸೂರಿನಲ್ಲಿ ನಮ್ಮೆರಡು ಮನೆಗೂ ನಡುವೆ ಒಂದೇ ಕಾಂಪೌಂಡು ಗೋಡೆ. ಪಾಲಿಟೆಕ್ನಿಕ್ಕಿನಲ್ಲಿ ಮೂವತ್ತು ವರ್ಷ ಪ್ರಯೋಗಶಾಲೆ ನೋಡಿಕೊಂಡು ನಿವೃತ್ತರಾದ ಮೇಲೆ ಅವರು ಮನೆಯ ಹಿಂದಿನ ಕೋಣೆಯಲ್ಲಿ ಏನಾದರೊಂದು ಕಂಡುಹಿಡಿಯುತ್ತಲೇ ಇರುತ್ತಾರೆ. ಮೊದಲು ಪರೀಕ್ಷೆಯಾಗುವುದು ಮಾತ್ರ ನನ್ನ ಮೇಲೆ.

ಇನ್ನೊಂದು ಹಸಿರು ಪಟ್ಟಿಯನ್ನು ಮಂಗಳ ತಾನೇ ಸೊಂಟಕ್ಕೆ ಸುತ್ತಿಕೊಂಡಳು. ಎರಡು ಪಟ್ಟಿಗಳ ನಡುವೆ ಹಳೆಯ ಮಿಕ್ಸಿಯ ಮೈಯೊಳಗೆ ಕೂರಿಸಿದ ಯಂತ್ರ. ಅದರ ಮೇಲೆ ತಾರೀಖು, ಗಂಟೆ ಬರೆದ ಎರಡು ತಿರುಗಣೆಗಳು.

"ಕೆಂಪು ಪಟ್ಟಿ ಹೇಳುತ್ತೆ, ಹಸಿರು ಪಟ್ಟಿ ಕೇಳುತ್ತೆ. ಕೆಂಪಿನವರು ಯಾವತ್ತು ಏನು ತಿಂದರೋ, ತಿಂದ ಮೇಲೆ ಏನಾಯ್ತೋ, ಎಲ್ಲಾ ಹಸಿರಿನವರಿಗೆ ಗೊತ್ತಾಗುತ್ತೆ. ರುಚಿ ಸಮೇತ! ನೋಡಿ, ಇವತ್ತು ಬೆಳಿಗ್ಗೆ ಹತ್ತೂವರೆಗೆ ಇಡ್ತೀನಿ."

"ಬೆಳಿಗ್ಗೆ ಬೇಡ! ನಿನ್ನೆ ಇಡಿ!" ಎಂದು ನಾನು ಕೂಗುವಷ್ಟರಲ್ಲಿ ಗುಂಡಿ ಒತ್ತಿಯಾಗಿತ್ತು.

ಮಂಗಳ ಬಾಯಿ ಚಪ್ಪರಿಸಿದಳು. ಕಣ್ಣು ಕಿರಿದಾಯಿತು.

"ರೀ, ಬ್ಯಾಂಕಿಗೆ ಹೋಗಿದ್ದೆ ಅಂದ್ರಲ್ಲ. ಬ್ಯಾಂಕಲ್ಲಿ ಬೋಂಡ ಕೊಡ್ತಾರಾ?"

"ಅದು... ಒಂದೇ ಒಂದು..."

"ಎರಡು! ತಡೀರಿ, ಮೂರು! ಸಕ್ಕರೆ ಕಾಯಿಲೆ ಇಟ್ಕೊಂಡು ಮೇಲೊಂದು ಜಹಾಂಗೀರ್ ಬೇರೆ!"

ಆರಾಧ್ಯರು ಚಪ್ಪಾಳೆ ತಟ್ಟಿದರು. ಮೂಲೆಯಲ್ಲಿ ಕೂತಿದ್ದ ರಾಜೇಶ್ವರಿ ಅತ್ತಿಗೆಗೆ ನಗು ಬಂದಿತ್ತು. ಆದರೆ ತಂಗಿ ಅತ್ತ ತಿರುಗಿದ ಕೂಡಲೇ ಮುಖ ಬಿಗಿದುಕೊಂಡರು. ಅಕ್ಕತಂಗಿಯರ ನಡುವೆ ಮಾತು ನಿಂತು ಆಗಲೇ ಎರಡು ತಿಂಗಳಾಗಿತ್ತು. ಈ ಯಂತ್ರ ಹುಟ್ಟಿದ್ದೇ ಅದಕ್ಕಾಗಿ.

ಅಕ್ಕತಂಗಿಯರ ಮದುವೆ ಒಂದೇ ಚಪ್ಪರದಲ್ಲಿ ಆಗಿತ್ತು. ನಲವತ್ತು ವರ್ಷ ತುಂಬಿತೆಂದು ನಾವು ನಾಲ್ವರೂ ಮುಂಬಯಿಯಿಂದ ಲಕ್ಷದ್ವೀಪದ ಕಡೆಗೆ ಹೋಗುವ ವಿಹಾರದ ಹಡಗು ಹತ್ತಿದೆವು. ಅತ್ತಿಗೆಗೆ ಡಾಲ್ಫಿನ್ ನೋಡುವ ಆಸೆ. ಅದಕ್ಕಾಗಿಯೇ ಹೊಸ ಕನ್ನಡಕ ಮಾಡಿಸಿದ್ದರು. ಎರಡನೆಯ ದಿನ ಮಧ್ಯಾಹ್ನ ಹಡಗಿನ ಊಟದಲ್ಲಿ ಅನಾನಸ್ ಹಾಕಿದ ಮೊಸರುಬಜ್ಜಿ ಕೊಟ್ಟರು. ಸಂಜೆ ನಾಲ್ಕಕ್ಕೆ ನಾಲ್ವರಿಗೂ ಶುರುವಾಯಿತು. ವಾಂತಿ, ಭೇದಿ, ಚಳಿಜ್ವರ! ಉಳಿದ ಮೂರು ದಿನ ನಾವು ನೋಡಿದ ಸಮುದ್ರವೆಂದರೆ ಬಚ್ಚಲಿನ ಬಕೆಟ್ಟಿನಲ್ಲಿ ಇದ್ದಷ್ಟೇ. ಡಾಲ್ಫಿನ್ ಬಂತೆಂದು ಹೊರಗೆ ಜನ ಕೂಗುತ್ತಿದ್ದಾಗ ಅತ್ತಿಗೆ ಗೋಡೆ ಹಿಡಿದು ಎದ್ದು ನಿಲ್ಲಲು ಹೋಗಿ, ಹಾಗೇ ಕುಸಿದು ಅತ್ತುಬಿಟ್ಟರು.

ಪರಿಹಾರ ಕೊಡಿ ಎಂದು ಕಂಪನಿಗೆ ಬರೆದೆವು. ಉತ್ತರ ಬಂತು. ಕಾಯಿಲೆ ಬಿದ್ದ ಬೇರೆ ಪ್ರಯಾಣಿಕರದು ಬರೀ ಅಲೆಯ ಓಲಾಟಕ್ಕೆ ಬರುವ ಹೊಟ್ಟೆ ತೊಳಸಾಟವಂತೆ. ನಮ್ಮ ಕೋಣೆಯಲ್ಲಿ ಮಾತ್ರ "ಮನೆಯಲ್ಲಿ ತಯಾರಿಸಿದ, ಗುರುತು ಸಿಗದ ಕೆಂಪು ಪುಡಿ" ಸಿಕ್ಕಿತ್ತಂತೆ. ಕಾಯಿಲೆಗೆ ಅದೇ ಕಾರಣವಂತೆ!

ಆ ಪುಡಿ ಮಂಗಳಳ ಚಟ್ನಿಪುಡಿ.

"ಗುರುತು ಸಿಗದ ಪುಡಿಯಂತೆ!" ಎಂದು ಮಂಗಳ ಆ ಕಾಗದವನ್ನು ಏಳು ಸಲ ಓದಿದಳು. ಎಂಟನೆಯ ಸಲ ಓದುವಾಗ ಅತ್ತಿಗೆ ಮೆಲ್ಲಗೆ, "ಕೊಬ್ಬರಿ ಸ್ವಲ್ಪ ಹಳೇದಿತ್ತೇನೋ ಕಣೆ" ಎಂದರು. ಅಷ್ಟೇ. ಅಂದಿನಿಂದ ಕಾಂಪೌಂಡಿನ ಆಚೆ ಈಚೆ ನಿಂತು ಇಬ್ಬರೂ ನನ್ನ ಮೂಲಕವೇ ಮಾತಾಡುತ್ತಿದ್ದರು. "ಮೌಳಿಯವರೇ, ನಿಮ್ಮನೆಯವರಿಗೆ ಹೇಳಿ, ನಲ್ಲೀಲಿ ನೀರು ಬಂತು ಅಂತ." "ರೀ, ನಿಮ್ಮ ಅತ್ತಿಗೆಗೆ ಹೇಳಿ, ನಮಗೂ ಕಿವಿ ಕೇಳುತ್ತೆ ಅಂತ."

ಗ್ರಾಹಕರ ನ್ಯಾಯಾಲಯಕ್ಕೆ ದೂರು ಕೊಟ್ಟಾಗಿತ್ತು. ವಿಚಾರಣೆಗೆ ಇನ್ನು ಮೂರು ದಿನವಿತ್ತು.

ಮಾರನೆಯ ದಿನ ನಿಜವಾದ ಪರೀಕ್ಷೆ. ಈ ಸಲ ಮಂಗಳಳಿಗೆ ಕೆಂಪು, ಅತ್ತಿಗೆಗೆ ಹಸಿರು. ಆರಾಧ್ಯರು ತಿರುಗಣೆಯನ್ನು ಹಡಗಿನ ಆ ದಿನಕ್ಕೆ ಇಟ್ಟರು.

"ಇಡ್ಲಿ. ಚಟ್ನಿಪುಡಿ..." ಎಂದರು ಅತ್ತಿಗೆ ಕಣ್ಣು ಮುಚ್ಚಿ. ಅವರ ಮುಖ ಸಡಿಲವಾಯಿತು. "ಚೆನ್ನಾಗಿದೆ."

ಮಂಗಳ ನನ್ನತ್ತ ತಿರುಗಿ, "ಕೇಳಿಸ್ಕೊಂಡ್ರಾ?" ಎಂದಳು.

"ಈಗ ಮೊಸರುಬಜ್ಜಿ. ಸಿಹಿ. ತುಂಬಾ ಸಿಹಿ. ಆಮೇಲೆ... ಅಯ್ಯೋ! ಬಂತು! ಹೊಟ್ಟೆ! ಬಕೆಟ್ ಕೊಡಿ ಮೌಳಿಯವರೇ!"

"ಯಾವುದರಿಂದ ಅಂತ ಹೇಳು ರಾಜಿ! ಪುಡಿಯಿಂದಲೋ ಬಜ್ಜಿಯಿಂದಲೋ?" ಎಂದು ಆರಾಧ್ಯರು ಪೆನ್ಸಿಲ್ ಹಿಡಿದು ಓಡಿ ಬಂದರು.

"ನನಗೇನ್ರೀ ಗೊತ್ತು! ಹೊಟ್ಟೇಲಿ ಎರಡೂ ಇವೆ! ನಿಲ್ಲಿಸ್ರೀ!"

ಗುಂಡಿ ಒತ್ತಿದರೂ ಯಂತ್ರ ನಿಲ್ಲಲಿಲ್ಲ. ತಂತಿ ಕಿತ್ತರೂ ನಿಲ್ಲಲಿಲ್ಲ! ಅತ್ತಿಗೆ ಪಟ್ಟಿ ಬಿಚ್ಚಿ ಎಸೆದು ಅಂಗಳಕ್ಕೆ ಓಡಿದರೆ ಅಂಗಳವೇ ಅಲೆಯ ಮೇಲೆ ತೇಲುತ್ತಿರುವಂತೆ ಅವರಿಗೆ ಕಾಣಿಸಿತು. "ಮನೆ ವಾಲ್ತಿದೆ! ತುಳಸಿಕಟ್ಟೆ ಹಿಡ್ಕೊಳ್ಳಿ!" ಎಂದು ಕೂಗಿದರು. ಅವರು ಎಷ್ಟು ಖಚಿತವಾಗಿ ಕೂಗಿದರೆಂದರೆ ನಾನೂ ಹೋಗಿ ತುಳಸಿಕಟ್ಟೆ ಹಿಡಿದುಕೊಂಡೆ. ಹಾಲು ಹಾಕಲು ಬಂದವರು ನಮ್ಮಿಬ್ಬರನ್ನೂ ನೋಡಿ ಹಾಲು ಗೇಟಿನಲ್ಲೇ ಇಟ್ಟು ಹೋದರು.

ಅತ್ತಿಗೆಗೆ ನೆಲ ನಿಂತದ್ದು ಸಂಜೆಗೆ. ಅಷ್ಟಾದರೂ ಪುಡಿಯೋ ಬಜ್ಜಿಯೋ ಎಂಬುದು ಇತ್ಯರ್ಥವಾಗಲಿಲ್ಲ.

"ಹಡಗಿನ ಅಡಿಗೆಯವನ ಹೊಟ್ಟೆ ಸಿಕ್ಕಿದ್ದರೆ!" ಎಂದು ಆರಾಧ್ಯರು ಕೈ ಕೈ ಹಿಸುಕಿಕೊಂಡರು.

ಆ ಹೊಟ್ಟೆ ತಾನಾಗಿಯೇ ಬಂತು. ವಿಚಾರಣೆಯ ದಿನ ಕಂಪನಿಯ ವಕೀಲರು ಪದ್ಮನಾಭ ಕಾಶ್ಯಪರು, ಹಡಗಿನ ಅಡಿಗೆಯ ಮೇಲ್ವಿಚಾರಕ ವಿನಾಯಕ ಪ್ರಭುಗಳನ್ನು ಸಾಕ್ಷಿಯಾಗಿ ಕರೆತಂದಿದ್ದರು. ಕಾಶ್ಯಪರು ಬಿದಿರಿನಂತೆ ತೆಳ್ಳಗಿನ ಮನುಷ್ಯ. ಪ್ರಭುಗಳು ಉಡುಪಿ ಕಡೆಯವರು, ದುಂಡಗೆ, ನಗುಮುಖ.

"ಆ ಮೊಸರುಬಜ್ಜಿ ನಾನೇ ಎರಡು ಸಲ ಹಾಕಿಸಿಕೊಂಡು ತಿಂದಿದ್ದೇನೆ ಮಾರಾಯ್ರೆ. ನಂಗೆ ಎಂಥದೂ ಆಗ್ಲಿಲ್ಲ" ಎಂದರು ಪ್ರಭುಗಳು.

ಆರಾಧ್ಯರು ಎದ್ದು ನಿಂತರು. ಚೀಲದಿಂದ ಮಿಕ್ಸಿ ಹೊರಗೆ ಬಂತು. "ಅಮ್ಮಾ, ಇವರ ಹೊಟ್ಟೆಯನ್ನೇ ಕೇಳಲು ಅಪ್ಪಣೆಯಾಗಬೇಕು!"

ಪೀಠದಲ್ಲಿದ್ದ ಅಧ್ಯಕ್ಷೆ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಏನನ್ನ ಕೇಳಬೇಕು?"

"ಹೊಟ್ಟೆಯನ್ನ."

ಸಭೆ ನಕ್ಕಿತು. ಅಧ್ಯಕ್ಷೆ ಬೇಡವೆನ್ನುವವರಿದ್ದರು. ಆದರೆ ಕಾಶ್ಯಪರೇ ಉತ್ಸಾಹದಿಂದ, "ಕಟ್ಟಲಿ ಬಿಡಿ ಮೇಡಂ! ದೂರುದಾರರು ಎಂಥವರು ಅಂತ ತಮಗೇ ತಿಳಿಯುತ್ತೆ. ಹಸಿರು ಪಟ್ಟಿ ನಾನೇ ಕಟ್ಕೋತೀನಿ" ಎಂದು ಕೋಟು ಬಿಚ್ಚಿದರು. ಪ್ರಭುಗಳು ಕೆಂಪು ಪಟ್ಟಿ ಕಟ್ಟಿಕೊಂಡು ಎಲ್ಲರತ್ತ ಕೈಬೀಸಿದರು.

ಆರಾಧ್ಯರು ಯಂತ್ರವನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದರು. ಅದೇನು ಎಡವಟ್ಟಾಯಿತೋ, ದೀಪಗಳು ಒಮ್ಮೆ ಮಿನುಗಿದವು. ತಕ್ಷಣ ನನ್ನ ಬಾಯಲ್ಲಿ ಬೆಳ್ಳುಳ್ಳಿ ಉಪ್ಪಿನಕಾಯಿಯ ರುಚಿ ಬಂತು. ನಾನು ಯಾವ ಪಟ್ಟಿಯನ್ನೂ ಕಟ್ಟಿರಲಿಲ್ಲ! ಉಪ್ಪಿನಕಾಯಿಯನ್ನೂ ತಿಂದಿರಲಿಲ್ಲ!

"ಯಾರ್ರೀ ಬೆಳ್ಳುಳ್ಳಿ ತಿಂದೋರು?" ಎಂದರು ಅಧ್ಯಕ್ಷೆ ಬಾಯಿಗೆ ಕರ್ಚೀಪು ಹಿಡಿದು.

"ನಾನು ಮೇಡಂ" ಎಂದ ಜವಾನ ಅಪರಾಧಿಯಂತೆ. "ಆದ್ರೆ ನನ್ನ ಬಾಯಲ್ಲಿ ಯಾಕೋ ಬಾದಾಮಿ ಹಾಲು ಬರ್ತಿದೆ!"

"ಅದು ನಂದು!" ಎಂದರು ಅಧ್ಯಕ್ಷೆ.

ಬೆರಳಚ್ಚು ಹುಡುಗಿ, "ನನ್ನ ಡಬ್ಬಿ ತೆಗೆದೇ ಇಲ್ಲ, ಹೊಟ್ಟೆ ಬಿರೀತಿದೆ!" ಎಂದು ಅಳತೊಡಗಿದಳು. ಕಾಶ್ಯಪರು ತಾವು ಬೆಳಿಗ್ಗೆಯಿಂದ ಬರೀ ಸೌತೆಕಾಯಿ ತಿಂದಿದ್ದಾಗಿಯೂ, ಈಗ ತಮ್ಮೊಳಗೆ ಯಾರೋ ಪೂರಿ ಸಾಗು ತಿನ್ನುತ್ತಿರುವುದಾಗಿಯೂ ಆಕ್ಷೇಪಣೆ ಎತ್ತಿದರು. ಸೌತೆಕಾಯಿ ಆಗ ನನ್ನ ಬಾಯಲ್ಲಿತ್ತು. ಪೂರಿ ಸಾಗು ನನ್ನದು. ಯಾರ ಹಸಿವು ಯಾರದು, ಯಾರ ತೇಗು ಯಾರದು ಎಂದು ಯಾರಿಗೂ ತಿಳಿಯದಾಯಿತು. ನಾನು ತೇಗಿದರೆ ಮೂರನೆಯ ಸಾಲಿನಲ್ಲಿದ್ದವರಿಗೆ ಹಗುರವಾಗುತ್ತಿತ್ತು!

"ಒಂದು ನಿಮಿಷ! ತಾರೀಖು ಇಟ್ಟರೆ ಸರಿಹೋಗುತ್ತೆ!" ಎಂದು ಆರಾಧ್ಯರು ತಿರುಗಣೆ ತಿರುಗಿಸಿದರು.

ಎಲ್ಲರ ನಾಲಗೆಯ ಮೇಲೂ ಒಂದೇ ಒಂದು ಚಮಚ ಮೊಸರುಬಜ್ಜಿ ಬಂತು. ಹುಳಿ! ಎಂಥ ಹುಳಿ! ಚುರುಚುರು ಎನ್ನುವ, ನೊರೆ ಬಂದ, ಕಿವಿಯವರೆಗೂ ಹತ್ತುವ ಹುಳಿ! ಇಡೀ ಸಭೆ ಒಟ್ಟಿಗೆ ಮುಖ ಸಿಂಡರಿಸಿತು. ಒಟ್ಟಿಗೆ ಥೂ ಎಂದಿತು.

ಸ್ವಲ್ಪ ಹೊತ್ತಿಗೆ ಇನ್ನೊಂದು ಚಮಚ ಬಂತು. ಅದೇ ಹುಳಿ, ಮೇಲೆ ರಾಶಿ ಸಕ್ಕರೆ. ಮತ್ತೆ ಥೂ.

ಆಮೇಲೆ ಎಳನೀರು. ನಾಲ್ಕು ಗ್ಲೂಕೋಸ್ ಬಿಸ್ಕತ್ತು. ಇಡೀ ದಿನ ಮತ್ತೇನೂ ಇಲ್ಲ!

"ಈ ಮನುಷ್ಯ ಅವತ್ತು ತನ್ನ ಹಡಗಿನ ಊಟ ಮುಟ್ಟೇ ಇಲ್ಲ!" ಎಂದು ಅತ್ತಿಗೆ ಎದ್ದು ನಿಂತರು. ಸಣ್ಣ ದೇಹ, ಆದರೆ ಧ್ವನಿ ಸೂರಿಗೆ ತಾಗಿತು. "ನಿಮ್ಮ ಬಾಯಿಗೇ ಸೇರದ್ದಕ್ಕೆ ಸಕ್ಕರೆ ಹಾಕಿ ನಮಗೆ ಬಡಿಸಿದ್ದೀರಲ್ಲ! ನಾನು ಡಾಲ್ಫಿನ್ ನೋಡ್ಬೇಕು ಅಂತ ಬಂದಿದ್ದೆ ಕಣಪ್ಪಾ!"

ಪ್ರಭುಗಳ ನಗುಮುಖ ಕರಗಿತ್ತು. ಅಧ್ಯಕ್ಷೆ ಅವರತ್ತಲೇ ನೋಡುತ್ತಿದ್ದರು, ಬಾಯಿ ಇನ್ನೂ ಸೊಟ್ಟಗಿತ್ತು.

"ಸ್ವಲ್ಪ ಹುಳಿ ಆಗಿತ್ತು ಮೇಡಂ" ಎಂದರು ಪ್ರಭುಗಳು ಕೊನೆಗೆ. "ಮುನ್ನೂರು ಜನರ ಊಟ. ಚೆಲ್ಲಿದರೆ ಮೇಲಿನವರು ಬಿಡ್ತಿರಲಿಲ್ಲ. ಸಕ್ಕರೆ ಹಾಕಿದೆ. ತಪ್ಪಾಯ್ತು."

"ಯಂತ್ರ ಹೇಳಿದ್ದನ್ನ ಬರ್ಕೊಳ್ಳೋಕೆ ಕಾನೂನಿಲ್ಲ. ಇವರು ಹೇಳಿದ್ದನ್ನ ಬರ್ಕೊಳ್ಳಿ" ಎಂದರು ಅಧ್ಯಕ್ಷೆ.

ಅತ್ತಿಗೆ ಮೆಲ್ಲಗೆ ಬಂದು ಮಂಗಳಳ ಪಕ್ಕದಲ್ಲಿ ಕೂತರು. ಎರಡು ತಿಂಗಳಲ್ಲಿ ಮೊದಲ ಸಲ ನನ್ನನ್ನು ನಡುವೆ ಇಟ್ಟುಕೊಳ್ಳದೆ ಮಾತಾಡಿದರು.

"ನಿನ್ನ ಪುಡಿ ಅಲ್ಲ ಕಣೆ."

"ಕೊಬ್ಬರಿ ಹೊಸದೇ ಹಾಕಿದ್ದೆ ಅಕ್ಕಾ" ಎಂದಳು ಮಂಗಳ. ಇಬ್ಬರ ಕಣ್ಣಲ್ಲೂ ನೀರು. ಸಭೆಯಲ್ಲಿ ಎಲ್ಲರೂ ಕಣ್ಣೊರೆಸಿಕೊಂಡರು. ಅದು ಮರುಕದಿಂದಲೋ ಯಂತ್ರದಿಂದಲೋ ನನಗೆ ಇವತ್ತಿಗೂ ಗೊತ್ತಿಲ್ಲ.

ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಆರಾಧ್ಯರು, "ಈಗ ನಾವು ಪಟ್ಟ ಪಾಡನ್ನೂ ತೋರಿಸ್ತೀನಿ!" ಎಂದು ಇನ್ನೊಂದು ತಿರುಗಣೆ ತಿರುಗಿಸಿಬಿಟ್ಟರು. ನಾಲ್ವರ ಹೊಟ್ಟೆಯ ಮೂರು ದಿನದ ಪಾಡು ಒಂದೇ ಸಲ ಸಭೆಯ ಮೇಲೆ ಬಿತ್ತು! ಕೋಣೆ ವಾಲಿತು. ಅಧ್ಯಕ್ಷೆ ಮೇಜು ತಬ್ಬಿಕೊಂಡರು. ಜವಾನ ಕಂಬ ಹತ್ತಿದ. ಕಡತಗಳ ನಡುವೆ ಪ್ರಭುಗಳು, "ಬಕೆಟ್! ಬಕೆಟ್ ಉಂಟಾ ಮಾರಾಯ್ರೆ?" ಎಂದು ತೆವಳುತ್ತಿದ್ದರು. ಕಾಶ್ಯಪರು ಬಾಗಿಲಿಗೆ ಓಡುವ ಭರದಲ್ಲಿ ತಂತಿಗೆ ಕಾಲು ಸಿಕ್ಕಿಸಿಕೊಂಡು ನೇರ ನನ್ನ ಮಡಿಲಿಗೆ ಬಿದ್ದರು. ಢಬ್ ಎಂದಿತು. ಮಿಕ್ಸಿಯಿಂದ ಹೊಗೆ ಬಂತು. ಎಲ್ಲ ನಿಂತಿತು.

ಆದೇಶ ನಮ್ಮ ಪರವಾಗಿ ಬಂತು. ಪರಿಹಾರವನ್ನೂ ಕೊಟ್ಟರು. ಮಂಗಳಳಿಗೆ ಅದಕ್ಕಿಂತ ಹೆಚ್ಚಿನದು ಕಂಪನಿಯ ಕ್ಷಮಾಪಣೆಯ ಕಾಗದ. "ತಮ್ಮ ಚಟ್ನಿಪುಡಿಯ ಬಗ್ಗೆ ನಾವು ಆಡಿದ ಮಾತಿಗೆ ವಿಷಾದಿಸುತ್ತೇವೆ" ಎಂಬ ಸಾಲಿಗೆ ಕಟ್ಟು ಹಾಕಿಸಿ ಅಡಿಗೆಮನೆಯಲ್ಲಿ ತೂಗುಹಾಕಿದ್ದಾಳೆ.

ನನ್ನ ಕತೆ ಬೇರೆ. ವಿಚಾರಣೆಯ ದಿನ ಸಂಜೆ ಮನೆಯಲ್ಲಿ ಒಬ್ಬಟ್ಟಿನ ಊಟ. ಸಾಲದೆಂದು ಎರಡನೆಯ ಸಲ ಬಡಿಸಿಕೊಂಡರೂ ನನಗೆ ಹಸಿವು ಹೋಗಲಿಲ್ಲ. ಬಾಯಲ್ಲಿ ಬರೀ ಸೌತೆಕಾಯಿ! ಮಾರನೆಯ ದಿನ ಬಿಸಿಬೇಳೆಬಾತು ತಿಂದರೆ ಬೇಯಿಸಿದ ಹೀರೇಕಾಯಿಯ ರುಚಿ. ಸೋಮವಾರವಂತೂ ಬೆಳಿಗ್ಗೆಯಿಂದ ಸಂಜೆಯವರೆಗೆ ಏನು ತಿಂದರೂ ಹೊಟ್ಟೆ ಖಾಲಿ! ಡಾಕ್ಟರು ಪರೀಕ್ಷೆ ಮಾಡಿ ನನ್ನ ಹೊಟ್ಟೆ ತುಂಬಿದೆ ಎಂದರು. ನನಗೆ ಹಸಿವು ಎಂದೆ. ಅವರು ಗೊಂದಲದಿಂದ ಮತ್ತೊಮ್ಮೆ ಹೊಟ್ಟೆ ಒತ್ತಿ ನೋಡಿದರು.

ಆರಾಧ್ಯರು ಎರಡು ದಿನ ಲೆಕ್ಕ ಹಾಕಿ ಕಾರಣ ಹೇಳಿದರು. "ಢಬ್ ಅಂದಾಗ ನಿಮ್ಮ ಹೊಟ್ಟೆಗೂ ಕಾಶ್ಯಪರ ಹೊಟ್ಟೆಗೂ ಅದಲುಬದಲಾಗಿದೆ ಮೌಳಿ. ಅವರು ಪಥ್ಯದಲ್ಲಿದ್ದಾರೆ. ಸೋಮವಾರ ಉಪವಾಸವಂತೆ."

"ಹಾಗಾದ್ರೆ ನಾನು ತಿಂದದ್ದು?"

"ರುಚಿ, ತೃಪ್ತಿ, ತೇಗು ಎಲ್ಲಾ ಅವರಿಗೆ!"

"ಸರಿಮಾಡಿ ಮತ್ತೆ!"

"ಮಿಕ್ಸಿ ಸುಟ್ಟುಹೋಯ್ತಲ್ಲ. ಅಂಥ ಮಿಕ್ಸಿ ಈಗ ಬರ್ತಿಲ್ಲ" ಎಂದು ಅವರು ತಲೆ ಕೆರೆದುಕೊಂಡರು.

ನಿನ್ನೆ ಕಾಶ್ಯಪರಿಂದ ನೋಟೀಸು ಬಂದಿದೆ. ನಾನು ಹೊತ್ತುಗೊತ್ತಿಲ್ಲದೆ ತಿನ್ನುವುದರಿಂದ ಅವರ ವ್ರತ ಕೆಟ್ಟಿದೆಯಂತೆ, ವಾದದ ನಡುವೆ ತೇಗು ಬರುತ್ತಿದೆಯಂತೆ, ಆದ್ದರಿಂದ ಹದಿನೈದು ದಿನದಲ್ಲಿ ತಕ್ಕ ಪರಿಹಾರ ಕೊಡಬೇಕಂತೆ. ಉತ್ತರ ಬರೆಸಲು ಒಳ್ಳೆಯ ವಕೀಲರನ್ನು ಹುಡುಕುತ್ತಿದ್ದೇನೆ. ಸದ್ಯಕ್ಕೆ ನನಗೆ ಪರಿಚಯವಿರುವ ವಕೀಲರು ಅವರೊಬ್ಬರೇ.