ನಾಲ್ಕನೆಯ ಜೇಬು

ನಮ್ಮ ಮನೆಯಲ್ಲಿ ನನ್ನ ಕಣ್ಣಿಗೆ ಬೆಲೆಯೇ ಇಲ್ಲ. ಇದೇ ಕಣ್ಣಿಗೆ ಮುದ್ರಣಾಲಯದವರು ಇಪ್ಪತ್ತೆರಡು ವರ್ಷಗಳಿಂದ ಸಂಬಳ ಕೊಡುತ್ತಿದ್ದಾರೆ. ಕರಡು ತಿದ್ದುವುದು ನನ್ನ ಉದ್ಯೋಗ. ಆರುನೂರು ಪುಟದ ನಿಘಂಟಿನಲ್ಲಿ ಬಿಟ್ಟುಹೋಗಿದ್ದ ಒಂದೇ ಒಂದು ಒತ್ತಕ್ಷರವನ್ನು, ಸಹೋದ್ಯೋಗಿ ಊಟದ ಡಬ್ಬಿಯ ಮುಚ್ಚಳ ತೆಗೆಯುವಷ್ಟರಲ್ಲಿ ಹುಡುಕಿ ಕೊಟ್ಟವನು ನಾನು. ಅಂಥ ನಾನು ಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿ ಎಂದು ಕೇಳಿದರೆ, ನನ್ನ ಹೆಂಡತಿ ಅದನ್ನು ನನ್ನ ಕಣ್ಣೆದುರಿನಿಂದಲೇ ಎತ್ತಿ ತೋರಿಸಿ, "ಪಾಪ, ಪ್ರೆಸ್ಸಿನವರು ಮೋಸ ಹೋದ್ರು" ಅನ್ನುತ್ತಾಳೆ.

ಈ ಅಪಕೀರ್ತಿಯನ್ನು ತೊಳೆದುಹಾಕುವ ಸುವರ್ಣಾವಕಾಶ ಕಳೆದ ಭಾನುವಾರ ಒದಗಿ ಬಂತು. ಹೆಂಡತಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಾಳೆ. ಪರೀಕ್ಷೆಯ ಉತ್ತರಪತ್ರಿಕೆ ತಿದ್ದಲು ಅವತ್ತು ಬೆಳಿಗ್ಗೆಯೇ ಹೊರಡಬೇಕಿತ್ತು. ಬಟ್ಟೆಯ ಬುಟ್ಟಿ ತುಂಬಿ ತುಳುಕುತ್ತಿತ್ತು.

"ಇವತ್ತು ಬಟ್ಟೆ ನಾನು ಒಗೀತೀನಿ" ಎಂದೆ.

"ನೀವಾ?"

"ನಾನೇನು ಕಲ್ಲಿಗೆ ಕುಕ್ಕಬೇಕಾ? ಮೆಷಿನ್ ತಾನೇ ಒಗೆಯೋದು."

"ಜೇಬು ನೋಡೋದು ಮೆಷಿನ್ ಅಲ್ಲ. ಹೋದ ವರ್ಷ ಬಾಲ್‌ಪೆನ್ನು ಹಾಕಿ ಮನೆಮಂದಿಯನ್ನೆಲ್ಲ ಕೆಂಪಗೆ ಮಾಡಿದ್ರಿ." ಚಪ್ಪಲಿ ಮೆಟ್ಟಿಕೊಂಡವಳು ಬಾಗಿಲಲ್ಲಿ ಮತ್ತೆ ತಿರುಗಿದಳು. "ಅಪ್ಪನ ಬಟ್ಟೆ ಮಾತ್ರ ಮುಟ್ಟಬೇಡಿ. ನಾನು ಬಂದು ಹಾಕ್ತೀನಿ."

ನನಗೆ ಪಿತ್ತ ನೆತ್ತಿಗೇರಿತು. ಅಂದರೆ ನನ್ನ ಬಟ್ಟೆ, ಅವಳ ಬಟ್ಟೆ ನನ್ನ ಕೈಯಲ್ಲಿ ಹಾಳಾದರೂ ಚಿಂತೆಯಿಲ್ಲ, ಅವಳಪ್ಪನ ಪ್ಯಾಂಟಿಗೆ ಮಾತ್ರ ವಿಶೇಷ ರಕ್ಷಣೆ. ಅವಳು ಬೀದಿ ದಾಟುವುದನ್ನು ಕಿಟಕಿಯಿಂದ ನೋಡಿ, ಮಾವನವರ ಬಟ್ಟೆಗಳನ್ನೇ ಮೊಟ್ಟಮೊದಲು ಎತ್ತಿಕೊಂಡೆ.

ಮಾವನವರ ಬಗ್ಗೆ ಇಲ್ಲಿ ಸ್ವಲ್ಪ ಹೇಳಬೇಕು. ಅವರು ನಲವತ್ತೆಂಟು ವರ್ಷ ದರ್ಜಿಯಾಗಿದ್ದವರು. ಅತ್ತೆ ಹೋದ ಮೇಲೆ ಅಂಗಡಿ ಮುಚ್ಚಿ ನಮ್ಮ ಜೊತೆಗೇ ಇದ್ದಾರೆ. ಅಂಗಡಿಯ ಸಾಮಾನೆಲ್ಲ ಹಂಚಿಹೋದರೂ ಒಂದು ಮಡಚುವ ಚಾಕು ಮಾತ್ರ ಅವರ ಜೇಬಿನಲ್ಲಿ ಉಳಿದಿತ್ತು. ದಪ್ಪಗಾದ ಗಿರಾಕಿಗಳ ಪ್ಯಾಂಟಿನ ಹೊಲಿಗೆ ಬಿಚ್ಚಿ ಸೊಂಟ ಅಗಲ ಮಾಡುತ್ತಿದ್ದುದು ಆ ಚಾಕುವಿನಲ್ಲೇ. (ಊರಿನ ಅರ್ಧ ದೊಡ್ಡ ಮನುಷ್ಯರ ಗುಟ್ಟು ಅದಕ್ಕೆ ಗೊತ್ತು.) ಆರು ತಿಂಗಳ ಹಿಂದೆ ಸೇಬು ಹೆಚ್ಚುವಾಗ ಕೈ ನಡುಗಿ ಹೆಬ್ಬೆರಳು ಕುಯ್ದುಕೊಂಡರು. ಮೂರು ಹೊಲಿಗೆ ಬಿತ್ತು. ಆಸ್ಪತ್ರೆಯಿಂದ ಬರುವಾಗ ಮಾವ, "ಡಾಕ್ಟ್ರು ಒಳ್ಳೆಯವರು. ಆದರೆ ಹೊಲಿಗೆ ಬಹಳ ಉದ್ದ. ನನ್ನ ಅಂಗಡಿಗೆ ಬಂದಿದ್ರೆ ಒಂದು ವರ್ಷ ಬರೀ ಗುಂಡಿ ಹಾಕೋಕೆ ಕೂರಿಸ್ತಿದ್ದೆ" ಎಂದರು. ನಾನು ನಕ್ಕೆ. ಮಗಳು ನಗಲಿಲ್ಲ. ಮನೆಗೆ ಬಂದವಳೇ ಚಾಕುವನ್ನು ಬೀರುವಿನ ಮೇಲೆ, ಸೂಟ್‌ಕೇಸಿನ ಹಿಂದೆ ಎಸೆದಳು. "ಇನ್ನೊಂದು ಸಲ ಇದು ನಿಮ್ಮ ಕೈಯಲ್ಲಿ ಕಂಡ್ರೆ ಗುಜರಿಗೆ ಹಾಕ್ತೀನಿ" ಅಂದಳು.

ಒಂದು ತಿಂಗಳಾದ ಮೇಲೆ, ನಾನು ಕನ್ನಡಿ ಮುಂದೆ ಗಡ್ಡ ಹೆರೆದುಕೊಳ್ಳುತ್ತಿದ್ದಾಗ ಮಾವ ಹಿಂದೆ ಬಂದು ನಿಂತರು.

"ಅಳಿಯಂದ್ರೇ, ಹೆಚ್ಚೋಕೆ ಬೇಡ. ಬಿಚ್ಚೋದೂ ಬೇಡ. ಜೇಬಲ್ಲಿ ಇದ್ರೆ ಸಾಕು. ಅದಿಲ್ಲದೆ ನಡೆಯುವಾಗ ಒಂದು ಕಡೆಗೆ ವಾಲಿದ ಹಾಗಾಗುತ್ತೆ."

ಕೆನ್ನೆಯ ಮೇಲಿನ ನೊರೆಯ ಸಮೇತ ಸ್ಟೂಲ್ ಹತ್ತಿ ಚಾಕು ತೆಗೆದುಕೊಟ್ಟೆ. ಅಂದಿನಿಂದ ನಾವಿಬ್ಬರೂ ಒಂದು ಗುಪ್ತ ಸಂಘಟನೆಯ ಸದಸ್ಯರು. ಎರಡು ವಾರದ ಹಿಂದೆ ಅವರು, "ಯಾಕೋ ದಾರವೂ ಕತ್ತರಿಸ್ತಿಲ್ಲ, ನನ್ನ ಹಾಗೇ ಆಗಿದೆ" ಎಂದು ಸಪ್ಪೆ ಮುಖ ಮಾಡಿದಾಗ, ಸಾಣೆ ಹಿಡಿಯುವವನ ಹತ್ತಿರ ಒಯ್ದು ಕೂದಲು ಸೀಳುವಷ್ಟು ಚೂಪು ಮಾಡಿಸಿ ತಂದವನೂ ನಾನೇ. ಅವನು ಚಾಕುವನ್ನು ತಿರುಗಿಸಿ ನೋಡಿ, "ಇದನ್ನ ಎಲ್ಲೋ ನೋಡಿದ ಹಾಗಿದೆ ಸಾರ್" ಎಂದ. ವ್ಯಾಪಾರದವರ ಮಾತು ಎಂದು ನಾನು ಅದಕ್ಕೆ ಕಿವಿಗೊಡಲಿಲ್ಲ.

ಸರಿ, ಭಾನುವಾರಕ್ಕೆ ಬರೋಣ. ಮಾವನ ಬೂದು ಪ್ಯಾಂಟನ್ನು ಕರಡಿನಂತೆ ಓದಿದೆ. ಬಲಗಡೆಯ ಜೇಬು, ಎಡಗಡೆಯ ಜೇಬು, ಹಿಂದಿನ ಜೇಬು. ಮೂರೂ ಖಾಲಿ. ಅದು ಮುಗಿದ ಮೇಲೆ ಉಳಿದ ಬಟ್ಟೆಗಳನ್ನೂ ಪರೀಕ್ಷಿಸಿ, ಎಲ್ಲವನ್ನೂ ಒಳಗೆ ತುಂಬಿ ಬಾಗಿಲು ಹಾಕಿದೆ. ಮೆಷಿನ್ ತಿರುಗತೊಡಗಿತು. ಗಾಜಿನಾಚೆ ನೊರೆಯೊಳಗೆ ನಮ್ಮ ಸಂಸಾರ ಸುತ್ತುವುದನ್ನು ನೋಡುತ್ತಾ ಕಾಫಿ ಕುಡಿಯುತ್ತಿದ್ದೆ. ಠಣ್ ಎಂದಿತು.

ಗುಂಡಿ ಇರಬೇಕು ಎಂದುಕೊಂಡೆ. ಮತ್ತೆ ಠಣ್. ಆಮೇಲೆ ಪರ್ರ್ ಎಂದು ಇನ್ನೊಂದು ಸದ್ದು, ಅದು ಗುಂಡಿಯದಂತೂ ಅಲ್ಲ.

ಅಷ್ಟರಲ್ಲಿ ಮಾವ ಲುಂಗಿಯಲ್ಲಿ ಬಂದು, "ನನ್ನ ಬೂದು ಪ್ಯಾಂಟು ನೋಡಿದ್ರಾ?" ಎಂದರು. ನಾನು ಗಾಜಿನ ಕಡೆ ಬೆರಳು ಮಾಡಿದೆ. ಅವರ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು.

"ಮೂರು ಜೇಬೂ ನೋಡಿದೆ ಮಾವ."

"ನಾಲ್ಕನೇದು?"

"ನಾಲ್ಕನೇದು ಅಂತ ಯಾವ ಪ್ಯಾಂಟಲ್ಲಿರುತ್ತೆ?"

"ನಾನು ಹೊಲಿದ ಪ್ಯಾಂಟಲ್ಲಿರುತ್ತೆ" ಎಂದು ಅವರು ಮೆಷಿನ್ನಿನ ಮುಂದೆ ಕುಸಿದು ಕೂತರು. ಸೊಂಟಪಟ್ಟಿಯ ಒಳಗಡೆ, ಯಾರಿಗೂ ಕಾಣದ ಹಾಗೆ, ಮಗಳಿಗೆ ಹೆದರಿ ಹೊಲಿದುಕೊಂಡ ಜೇಬಂತೆ.

ಬಾಗಿಲು ಎಳೆದೆ. ಈ ಮೆಷಿನ್ನಿಗೆ ಕೆಲಸ ಮುಗಿಯುವವರೆಗೆ ಬಾಯಿ ಬಿಡುವ ಅಭ್ಯಾಸವಿಲ್ಲ. ಇನ್ನೂ ಮೂವತ್ತೆಂಟು ನಿಮಿಷ ಎಂದು ತೋರಿಸುತ್ತಿತ್ತು. ಯಾವ ಗುಂಡಿ ಒತ್ತಿದರೂ ಅದು ಕೀ ಕೀ ಎಂದು ನನ್ನನ್ನೇ ಗದರಿತು. ಮಾವ, ಅಳಿಯ ಅಕ್ಕಪಕ್ಕ ಕೂತು ಪ್ರತಿಯೊಂದು ಠಣ್ಣಿಗೂ ಕಣ್ಣು ಮುಚ್ಚಿದೆವು. ಬಟ್ಟೆ ಹರಿದರೆ ಹರಿಯಲಿ. ಚಾಕು ಅವಳ ಕಣ್ಣಿಗೆ ಬಿದ್ದರೆ ಗುಜರಿ ಪಾಲು, ಆಮೇಲೆ ಈ ಮನುಷ್ಯ ಹೀಗೆಯೇ ಒಂದು ಕಡೆಗೆ ವಾಲಿಕೊಂಡು ನಡೆಯಬೇಕು. ಅದನ್ನು ನೆನೆದು ನನಗೆ ನಿಜವಾಗಿಯೂ ಸಂಕಟವಾಯಿತು.

"ಅವಳು ಬರೋದು ಹನ್ನೆರಡಕ್ಕೆ. ಅಷ್ಟರಲ್ಲಿ ತೆಗೆದುಬಿಡೋಣ" ಎಂದೆ.

ಹನ್ನೊಂದು ನಿಮಿಷ ಬಾಕಿ ಇರುವಾಗ ಅವಳು ಬಂದಳು.

"ಇಬ್ಬರೂ ಇದರ ಮುಂದೆ ಕೂತು ಏನು ಮಾಡ್ತಿದ್ದೀರಿ?" ಎನ್ನುವಷ್ಟರಲ್ಲಿ ಮೆಷಿನ್ ಠಣ್ ಎಂದಿತು. "ಅದೇನು ಸದ್ದು?"

"ಗುಂಡಿ."

"ಯಾರ ಅಂಗಿಗೆ ಅಷ್ಟು ದೊಡ್ಡ ಗುಂಡಿ?"

ಅವಳು ಕೈಚೀಲ ಕೆಳಗಿಡದೆ ಅಲ್ಲೇ ನಿಂತಳು. ಹನ್ನೊಂದು ನಿಮಿಷ ನಾವು ಮೂವರೂ ಗಾಜನ್ನು ನೋಡಿದೆವು. ಬಾಗಿಲು ಟಕ್ ಎಂದು ತೆರೆದಾಗ ಅವಳೇ ಮುಂದೆ ಬಂದು ಹಾಸಿಗೆಯ ಹೊದಿಕೆಯನ್ನು ಎಳೆದಳು. ಅದು ಮೂರು ತುಂಡಾಗಿ ಬಂತು. ಆಮೇಲೆ ನಾಲ್ಕು ದಿಂಬಿನ ಚೀಲ, ನನ್ನ ಎರಡು ಅಂಗಿ, ಅವಳ ಪ್ರೀತಿಯ ಸಾಸಿವೆ ಬಣ್ಣದ ಕುರ್ತಾ, ಎಲ್ಲವೂ ಸೀಳು ಸೀಳು. ಕೊನೆಗೆ ಬಾಯಿ ತೆರೆದುಕೊಂಡಿದ್ದ ಚಾಕು ನೆಲಕ್ಕೆ ಬಿತ್ತು. ಇಷ್ಟು ಚೊಕ್ಕಟವಾಗಿ ಅದು ಎಂದೂ ಇದ್ದಿರಲಿಲ್ಲ.

"ಅದು ನಂದು" ಎಂದೆ. ಬದುಕಿನಲ್ಲಿ ಅಷ್ಟು ಧೈರ್ಯವಾಗಿ ನಾನು ಸುಳ್ಳು ಹೇಳಿದ್ದಿಲ್ಲ. "ಪ್ರೆಸ್ಸಲ್ಲಿ ಪೆನ್ಸಿಲ್ ಕೆತ್ತೋಕೆ ಬೇಕಾಗುತ್ತೆ. ಮಾವಂಗೂ ಇದಕ್ಕೂ ಏನೂ ಸಂಬಂಧ ಇಲ್ಲ."

"ನೀವು ತಿದ್ದೋದು ಪೆನ್ನಲ್ಲಿ."

"ಈಗ ಪೆನ್ಸಿಲ್ ಶುರು ಮಾಡಿದೀವಿ."

ಮಾವ ನಿಧಾನವಾಗಿ ಎದ್ದರು. "ಬಿಡಮ್ಮ, ಅವರದೇನೂ ತಪ್ಪಿಲ್ಲ. ನಾನೇ ಕೇಳಿ ತಗೊಂಡೆ. ಗುಜರಿಗೆ ಹಾಕಿಬಿಡು." ಅವರ ದನಿ ಅಷ್ಟು ಚಿಕ್ಕದಾಗಿದ್ದುದನ್ನು ನಾನು ಕೇಳಿರಲಿಲ್ಲ.

ಹೆಂಡತಿ ನನ್ನ ಕಡೆ ತಿರುಗಿದಳು. "ಅಪ್ಪನ ಬಟ್ಟೆ ಮುಟ್ಟಬೇಡಿ ಅಂತ ಯಾಕೆ ಹೇಳಿದೆ ಅಂದ್ಕೊಂಡ್ರಿ? ಐದು ತಿಂಗಳಿಂದ ಪ್ರತಿ ಭಾನುವಾರ, ಅಪ್ಪ ಮರೆತುಬಿಟ್ಟ ಚಾಕುವನ್ನ ಆ ಜೇಬಿನಿಂದ ತೆಗೆದಿಟ್ಟು, ಪ್ಯಾಂಟು ಒಗೆದು, ಒಣಗಿದ ಮೇಲೆ ವಾಪಸ್ ಇಡ್ತಿದ್ದೀನಿ."

"ನಿನಗೆ ಜೇಬು ಕಾಣಿಸ್ತಾ?" ಎಂದರು ಮಾವ. ಕಳ್ಳತನ ಸಿಕ್ಕಿಬಿದ್ದದ್ದಕ್ಕಿಂತ ಹೊಲಿಗೆ ಕಾಣಿಸಿತಲ್ಲ ಎಂಬ ದುಃಖವೇ ಅದರಲ್ಲಿ ಹೆಚ್ಚಿತ್ತು.

"ನಿಮ್ಮ ಹೊಲಿಗೆ ಮಿಷನ್ ಕೆಳಗೆ ಕೂತು ಬೆಳೆದವಳು ನಾನು ಅಪ್ಪ. ನಿಮ್ಮ ಹೊಲಿಗೆ ಕಣ್ಣು ಮುಚ್ಚಿ ಬೆರಳಾಡಿಸಿದ್ರೂ ಗೊತ್ತಾಗುತ್ತೆ. ಇಟ್ಕೊಳ್ಳಲಿ, ಕೈ ಕುಯ್ದುಕೊಳ್ಳದಿದ್ರೆ ಸಾಕು ಅಂತ ಮೊದಲನೇ ವಾರವೇ ಸಾಣೆಯವನ ಹತ್ತಿರ ಮೊಂಡು ಮಾಡಿಸಿ ತಂದೆ. ಬೆಣ್ಣೆ ಕೂಡ ಕುಯ್ಯದ ಚಾಕು ಅದು." ಕೈಯಲ್ಲಿದ್ದ ಕುರ್ತಾ ನೋಡಿದಳು. "ಮತ್ತೆ ಇದೆಲ್ಲ ಹೇಗೆ ಹರೀತು?"

ಮಾವ ಚಾವಣಿ ನೋಡಿದರು. ಗುಪ್ತ ಸಂಘಟನೆ ಅಲ್ಲಿಗೆ ವಿಸರ್ಜನೆಯಾಯಿತು.

ನನಗೆ ಆದ ಮಂಗಳಾರತಿಯನ್ನು ವಿವರಿಸುವುದಿಲ್ಲ. ತೀರ್ಪು ಮಾತ್ರ ಹೇಳುತ್ತೇನೆ: ಚಾಕು ಮಾವನ ಜೇಬಿನಲ್ಲೇ ಇರಬಹುದು, ಆದರೆ ಅದನ್ನು ಬಿಚ್ಚುವಾಗ ಮಗಳು ಪಕ್ಕದಲ್ಲಿ ಕೂತಿರಬೇಕು. ಹರಿದದ್ದನ್ನೆಲ್ಲ ಮಾವನೇ ಹೊಲಿದುಕೊಡಬೇಕು. ನಾನು ಮೆಷಿನ್ನಿನಿಂದ ನಾಲ್ಕು ಅಡಿ ದೂರವಿರಬೇಕು.

ಮಾವ ಅವತ್ತು ಮಧ್ಯಾಹ್ನವೇ ಕಿಟಕಿಯ ಬಳಿ ಕೂತರು. ಕೈ ನಡುಗುತ್ತಲೇ ಇತ್ತು. ಹೊಲಿಗೆ ಸೊಟ್ಟಗಾದರೆ ಬಿಚ್ಚಿ ಮತ್ತೆ ಹಾಕುವರು. ಮರುದಿನದಿಂದ ಸಂಜೆ ಮಗಳು ಶಾಲೆಯಿಂದ ಬಂದು ಬಟ್ಟೆಯನ್ನು ಬಿಗಿಯಾಗಿ ಹಿಡಿಯುವಳು, ಅವರು ಚಾಕುವಿನಿಂದ ದಾರ ಕತ್ತರಿಸುವರು. ಹಾಗೆ ಅಕ್ಕಪಕ್ಕ ಕೂತು ಅಂಗಡಿಯ ಹಳೆಯ ಗಿರಾಕಿಗಳ ಸೊಂಟದ ಸುದ್ದಿ ಮಾತಾಡಿಕೊಂಡು ಇಬ್ಬರೂ ನಗುತ್ತಿದ್ದರು. ಗುರುವಾರ ಅವಳು ಹೊಲಿಗೆ ಎದ್ದು ಕಾಣುವ ಆ ಸಾಸಿವೆ ಕುರ್ತಾ ಹಾಕಿಕೊಂಡು ತಲೆಯೆತ್ತಿ ಶಾಲೆಗೆ ಹೋದಳು. ಅವತ್ತೇ ಸಂಜೆ ಮಾವ ಕೊನೆಯ ದಿಂಬಿನ ಚೀಲವನ್ನೂ ಮುಗಿಸಿದರು.

ಶನಿವಾರ ಬೆಳಿಗ್ಗೆ ನಾನು ಪ್ರೆಸ್ಸಿಗೆ ಹೊರಟಿದ್ದೆ. ಮಾಲೀಕರು ಬರುವ ದಿನವೆಂದು ಹೊಸ ಅಂಗಿ ಹಾಕಿಕೊಂಡಿದ್ದೆ. ಕರ್ಚೀಫು ಹುಡುಕುತ್ತಾ ಒಳಕೋಣೆಗೆ ಹೋದರೆ, ಹೆಂಡತಿ ನನ್ನ ನೀಲಿ ಅಂಗಿಯನ್ನು ತೊಡೆಯ ಮೇಲೆ ಹರಡಿಕೊಂಡು ಬ್ಲೇಡಿನಿಂದ ಕಂಕುಳ ಹೊಲಿಗೆಯನ್ನು ಒಂದೊಂದೇ ದಾರವಾಗಿ ಬಿಚ್ಚುತ್ತಿದ್ದಳು.

"ಏನೇ ಇದು? ಅಂಗಿ ಚೆನ್ನಾಗಿಯೇ ಇತ್ತಲ್ಲ."

"ಮೆಲ್ಲಗೆ. ಅಪ್ಪ ಪಕ್ಕದಲ್ಲೇ ಇದ್ದಾರೆ." ಅವಳು ತಲೆ ಎತ್ತಲಿಲ್ಲ. "ಮೊನ್ನೆ ಸಂಜೆಗೇ ಅವರ ಕೆಲಸ ಮುಗೀತು. ನಿನ್ನೆ ಇಡೀ ದಿನ ಖಾಲಿ ಕೈ ಮಡಿಲಲ್ಲಿಟ್ಕೊಂಡು ಕೂತಿದ್ರು. ನೋಡಲಿಲ್ವಾ?"

ನೋಡಿರಲಿಲ್ಲ. ನಾಚಿಕೆಯಾಯಿತು. ಬೀರುವಿನಿಂದ ಒಂದು ಚೌಕಳಿ ಅಂಗಿ ತೆಗೆದು, "ಇದನ್ನೂ ಬಿಚ್ಚು, ಹಳೇದು" ಎಂದು ಕೊಟ್ಟೆ. ಅವಳು ಬಟ್ಟೆಯನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದಳು.

"ಇದರಲ್ಲಿ ಜೀವ ಇಲ್ಲ. ಇಂಥದ್ದು ಕೊಟ್ರೆ ಅಪ್ಪಂಗೆ ಬೇಜಾರಾಗುತ್ತೆ." ಆಮೇಲೆ ಅವಳ ದೃಷ್ಟಿ ನನ್ನ ಮೈಮೇಲಿನ ಹೊಸ ಅಂಗಿಗೆ ಬಂತು. "ಬಲಗೈ ಎತ್ತಿ."

"ಮಾಲೀಕರು ಬರ್ತಾರೆ ಕಣೇ ಇವತ್ತು."

"ಎತ್ತಿ ಅಂದೆ."

ಎತ್ತಿದೆ. ಅಷ್ಟರಲ್ಲಿ ಪಕ್ಕದ ಕೋಣೆಯಿಂದ ಮಾವನ ದನಿ ಕೇಳಿಸಿತು. "ಮಗಳೇ, ಹೊಲಿಯೋದು ಇನ್ನೇನಾದ್ರೂ ಉಳಿದಿದೆಯಾ?"

"ಬೇಕಾದಷ್ಟಿದೆ ಅಪ್ಪ. ನಿಮ್ಮ ಅಳಿಯಂದ್ರು ಮತ್ತೆ ಹರ್ಕೊಂಡು ಬಂದಿದ್ದಾರೆ."

"ಮತ್ತೇನಾ?" ಕುರ್ಚಿ ಸರಿದ ಸದ್ದಾಯಿತು. ದನಿಗೆ ಹತ್ತು ವರ್ಷ ಕಡಿಮೆಯಾಗಿತ್ತು. "ಆ ಮನುಷ್ಯ ಪ್ರೆಸ್ಸಲ್ಲಿ ಪುಸ್ತಕ ಓದ್ತಾರೋ, ಕುಸ್ತಿ ಮಾಡ್ತಾರೋ? ನನ್ನ ಕನ್ನಡಕ ಎಲ್ಲಿಟ್ಟೆ?"

"ಎಡತೋಳೂ ಹೋಗಿದೆ ಮಾವ" ಎಂದು ನಾನು ಕೂಗಿ ಹೇಳಿದೆ. ಅದು ಆಗ ಇನ್ನೂ ಹೋಗಿರಲಿಲ್ಲ. ಆ ಕೈಯನ್ನೂ ಎತ್ತಿದೆ.